ಬಿಸ್ಕತ್ತಿನ ಡಬ್ಬಿಯ ಹನ್ನೆರಡು ಹಾಳೆ

ಈ ಭೂಮಿಯ ಮೇಲೆ ಕೋಟೆ ಕಾದ ವೀರರಿದ್ದಾರೆ, ನಿಧಿ ಕಾದ ಸರ್ಪಗಳಿವೆ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಮುಂದಿನ ಗಾಡಿ ಕದಲುವುದನ್ನು ಕಾದು ತಲೆ ನರೆತವರೂ ಇದ್ದಾರೆ. ಇವರೆಲ್ಲರನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಇನ್ನೊಂದರಲ್ಲಿ ಮತ್ತಿಕೆರೆಯ ಕಾಶಿನಾಥರನ್ನು ಕೂರಿಸಿದರೆ, ಕಾಶಿನಾಥರ ತಟ್ಟೆಯೇ ನೆಲ ಮುಟ್ಟುತ್ತದೆ. ಅವರು ಕೂರಲು ಒಪ್ಪಿದರೆ.

ಕಾಶಿನಾಥರು ಮೂವತ್ತೊಂದು ವರ್ಷ ಕಾದದ್ದು ಹನ್ನೆರಡು ಹಾಳೆಗಳನ್ನು. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಎಂಟಡಿ ಅಗಲದ ಅಂಗಡಿ. ಮೇಲೆ 'ಕಲಾ ಸರ್ಕ್ಯುಲೇಟಿಂಗ್ ಲೈಬ್ರರಿ' ಎಂಬ ಬೋರ್ಡು. ಕಲಾ ಎಂದರೆ ಹೆಂಡತಿ ಕಲಾವತಿ. ಗಿರಣಿಯ ರಾಗಿಹಿಟ್ಟು ಹಾರಿ ಬಂದು ಪುಸ್ತಕಗಳ ಮೇಲೆ ಕೂರುತ್ತಿದ್ದುದರಿಂದ ಅಲ್ಲಿ ಪತ್ತೇದಾರಿ ಕಾದಂಬರಿ ಓದಿದವರ ಕೈಯೂ ಮುದ್ದೆಯ ವಾಸನೆ ಹೊಡೆಯುತ್ತಿತ್ತು. ಆ ಅಂಗಡಿಯ ಕಿರೀಟವೆಂದರೆ 'ದೊರೆ' ಪುಸ್ತಕಗಳು. ಲಕ್ಕ, ದೊರೆ, ಪುಟ್ಟು ಎಂಬ ಮೂವರು ಅಣ್ಣತಮ್ಮಂದಿರ ಕತೆ. ಒಟ್ಟು ಹನ್ನೆರಡು ತೆಳು ಪುಸ್ತಕ. ನಡುವಿನವನಾದ ದೊರೆ ಉಪಾಯಗಳ ಕಾರ್ಖಾನೆ. ಕೆರೆಯಲ್ಲಿ ತೇಲುವ ಮರದ ಕೊರಡನ್ನು ಮೊಸಳೆ ಎಂದು ತೋರಿಸಿ ಊರ ಹುಡುಗರಿಂದ ಗೋಲಿ ವಸೂಲಿ ಮಾಡುವವನು. ಆಡು ಮೇಯಿಸುವ ತನ್ನ ಸರದಿಯನ್ನು ಅಣ್ಣನಿಗೆ ಬಹುಮಾನವೆಂದು ಕೊಟ್ಟು, ಅಣ್ಣನಿಂದಲೇ ಥ್ಯಾಂಕ್ಸ್ ಹೇಳಿಸಿಕೊಳ್ಳುವವನು.

ಈ ಪುಸ್ತಕಗಳಿಗೆ ಕಾಶಿನಾಥರು ಹೇರಿದ್ದ ಶಾಸನ ಹೀಗಿತ್ತು. ದೊರೆ ಪುಸ್ತಕ ಮನೆಗೆ ಹೋಗುತ್ತದೆ; ಅದರ ಕೊನೆಯ ಹಾಳೆ ಹೋಗುವುದಿಲ್ಲ. ಹನ್ನೆರಡು ಪುಸ್ತಕದ ಹನ್ನೆರಡು ಕೊನೆಯ ಹಾಳೆಗಳು ಕಾಶಿನಾಥರ ಕೈಯಳತೆಯ ದೂರದಲ್ಲಿ ಒಂದು ತಗಡಿನ ಬಿಸ್ಕತ್ತು ಡಬ್ಬಿಯಲ್ಲಿರುತ್ತವೆ. ಹುಡುಗ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟಾಗ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಅಲ್ಲೇ ನಿಂತು ಓದಬೇಕು, ಓದಿ ಹಿಂತಿರುಗಿಸಬೇಕು. ದೊರೆ ಸಿಕ್ಕಿಬಿದ್ದನೋ ಪಾರಾದನೋ ತಿಳಿಯಬೇಕಾದರೆ ಪುಸ್ತಕ ವಾಪಸು ಬರಲೇಬೇಕು.

ಮತ್ತಿಕೆರೆಯಲ್ಲಿ ಇದು ಪುರಾಣವಾಯಿತು. ಮಕ್ಕಳಿಗೆ ಸಂಯಮ ಕಲಿಸುವ ಮಹಾನುಭಾವ ಎಂದರು ಮೇಷ್ಟ್ರುಗಳು. ಬೆಳಗಿನ ವಾಕಿಂಗಿನ ನಿವೃತ್ತ ಪ್ರೊಫೆಸರರೊಬ್ಬರು ಇದು ಬಾಲಮನಸ್ಸಿನ ಆಳವಾದ ಅಧ್ಯಯನದ ಫಲ ಎಂದರು. ಹಿಮಾಲಯದಲ್ಲಿ ಯಾವುದೋ ಸ್ವಾಮಿಗಳ ಹತ್ತಿರ ಕಲಿತು ಬಂದದ್ದಂತೆ ಎಂದವರೂ ಇದ್ದರು. ಕಾಶಿನಾಥರು ತುಮಕೂರು ದಾಟಿದವರಲ್ಲ. ಯಾರೇ ಹೊಗಳಲಿ, ಅವರು ಡಬ್ಬಿಯ ಮುಚ್ಚಳವನ್ನೊಮ್ಮೆ ಒತ್ತಿ ಸುಮ್ಮನಾಗುತ್ತಿದ್ದರು. ಮೌನವನ್ನು ಊರಿನವರು ವಿನಯವೆಂದು ಲೆಕ್ಕ ಹಾಕಿಕೊಂಡರು.

ಕಾಶಿನಾಥರಿಗೆ ಕೂರುವುದೆಂದರೆ ಆಗದು. ಅಂಗಡಿಯಲ್ಲಿ ಕುರ್ಚಿ ಇತ್ತು, ಅದರ ಮೇಲೆ ಹಳೆಯ ವಾರಪತ್ರಿಕೆಗಳು ಕೂತಿದ್ದವು. ಅವರು ನಿಂತೇ ಪುಸ್ತಕ ಕೊಡುತ್ತಿದ್ದರು, ನಿಂತೇ ಕಾಫಿ ಕುಡಿಯುತ್ತಿದ್ದರು, ಗಿರಾಕಿ ಇಲ್ಲದಾಗ ಎಂಟಡಿಯ ಅಂಗಡಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿ ಒಟ್ಟು ಕಾಶಿಗೆ ಹೋಗಿಬರುವಷ್ಟು ದೂರ ಸವೆಸಿದ್ದರು. "ನಮ್ ಮದ್ವೆ ಫೋಟೋ ನೋಡಿ, ಅದ್ರಲ್ಲೂ ಇವ್ರು ಎದ್ದು ಹೊರಟೋರ ಥರಾನೇ ಇದಾರೆ" ಎನ್ನುವುದು ಕಲಾವತಿಯ ಹಳೆಯ ದೂರು.

ಈ ಓಡಾಟಕ್ಕೆ ಒಂದು ಮುಳ್ಳು ಕಾರಣ, ಆ ಮುಳ್ಳಿಗೆ ಒಂದು ನಂಬರು ಇತ್ತು: ಒಂಬತ್ತು. ಹನ್ನೆರಡು ಹಾಳೆ ಡಬ್ಬಿಯಲ್ಲಿದ್ದರೂ ಕಪಾಟಿನಲ್ಲಿ ಇದ್ದದ್ದು ಹನ್ನೊಂದೇ ಪುಸ್ತಕ. ಒಂಬತ್ತನೆಯದು ಇಪ್ಪತ್ತನಾಲ್ಕು ವರ್ಷದ ಹಿಂದೆ ಹೋದದ್ದು ಬಂದಿರಲಿಲ್ಲ. ರಿಜಿಸ್ಟರಿನಲ್ಲಿ ಬರೆದಿತ್ತು: 'ನದೀಮ್, ಆರನೇ ಕ್ಲಾಸು, ವಾಟರ್ ಟ್ಯಾಂಕ್ ಹಿಂದೆ, ಸಂಜಯನಗರ.' ಪಕ್ಕದಲ್ಲಿ 'ಬಂತು' ಎಂದು ಬರೆದು, ಅದನ್ನು ಕಾಗದ ಹರಿಯುವ ಹಾಗೆ ಗೀಚಿ ಹೊಡೆದುಹಾಕಿತ್ತು. ಅದೇಕೆ ಹಾಗೆ ಎಂದು ಕೇಳಿದರೆ ಕಾಶಿನಾಥರು ಕಿವುಡರಾಗುತ್ತಿದ್ದರು. ಡಬ್ಬಿಯ ತಳದಲ್ಲಿ, ಹಾಳೆಗಳ ಕೆಳಗೆ, ಕಂದು ಕಾಗದದ ಬೈಂಡು ಹಾಕಿದ ಇನ್ನೊಂದು ವಸ್ತುವೂ ಇತ್ತು. ಅದನ್ನು ಮುಟ್ಟುವ ಅಧಿಕಾರ ಕಲಾವತಿಗೂ ಇರಲಿಲ್ಲ.

ಹೀಗೆ ನಡೆಯುತ್ತಿದ್ದ ರಾಜ್ಯಕ್ಕೆ ಕೊನೆ ಬಂತು. ಕಟ್ಟಡದ ಮಾಲೀಕ ಆನಂದಪ್ಪನವರು ಅದನ್ನು ಕೆಡವಿ ಕಾಲೇಜು ಹುಡುಗರಿಗೆ ಐದು ಮಹಡಿಯ ಪಿ.ಜಿ. ಕಟ್ಟಿಸಲು ಹೊರಟರು. ಭಾನುವಾರ ಸಂಜೆಗೆ ಅಂಗಡಿ ಖಾಲಿ ಮಾಡಬೇಕು. ಕಾದಂಬರಿಗಳು ತೂಕಕ್ಕೆ ಹೋದವು. ದೊರೆ ಪುಸ್ತಕಗಳನ್ನು ಮಾತ್ರ ಹತ್ತಿರದ ಸರ್ಕಾರಿ ಶಾಲೆಗೆ ಕೊಡುವುದೆಂದು ಕಾಶಿನಾಥರು ನಿಶ್ಚಯಿಸಿದರು. ಹೆಡ್‌ಮಿಸ್ ನಾರಾಯಣಮ್ಮ ಬಂದು ಕಪಾಟು ನೋಡಿದರು.

"ಎಂಟಾದ್ಮೇಲೆ ಹತ್ತು ಇದ್ಯಲ್ಲ ಸರ್. ಒಂಬತ್ತೆಲ್ಲಿ?"

"ಬರುತ್ತೆ."

"ಬಂದ್ಮೇಲೇ ಕೊಡಿ. ಹನ್ನೊಂದು ಕೊಟ್ರೆ ನಮ್ ಮಕ್ಳು ಆ ಹನ್ನೊಂದನ್ನ ಓದಲ್ಲ, ಒಂಬತ್ತೆಲ್ಲಿ ಒಂಬತ್ತೆಲ್ಲಿ ಅಂತ ನನ್ ತಲೆ ತಿಂತಾರೆ. ಸೋಮವಾರ ಬೆಳಿಗ್ಗೆ ಪ್ರೇಯರ್ ಟೈಮಲ್ಲಿ ಹನ್ನೆರಡೂ ತನ್ನಿ, ಎಲ್ರ ಮುಂದೆ ತಗೋತೀನಿ. ಆಗ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡಿ."

ಸೋಮವಾರಕ್ಕೆ ಎರಡೇ ದಿನವಿತ್ತು. ಒಂಬತ್ತು ಸಿಗದಿದ್ದರೆ ಹನ್ನೊಂದು ದೊರೆಗಳೂ ಕಾದಂಬರಿಗಳ ಹಿಂದೆಯೇ ತಕ್ಕಡಿ ಹತ್ತಬೇಕು, ಮನೆಯಲ್ಲಿ ಜಾಗವಿಲ್ಲ. ಶನಿವಾರದ ಊಟವನ್ನು ಕಾಶಿನಾಥರು ಅಡಿಗೆಮನೆಯ ಬಾಗಿಲಿಗೂ ಬೀದಿ ಬಾಗಿಲಿಗೂ ನಡುವೆ ತಟ್ಟೆ ಹಿಡಿದು ಓಡಾಡುತ್ತಾ ಮುಗಿಸಿದರು.

"ಸಾರು ನೆಲಕ್ಕೆಲ್ಲ ಬಡಿಸ್ತಿದೀರಲ್ರೀ. ಕೂತ್ಕೊಂಡ್ ತಿನ್ನಿ" ಎಂದರು ಕಲಾವತಿ.

"ಒಂಬತ್ತನೇದು ಸಿಗ್ಲಿ, ಕೂರ್ತೀನಿ."

"ಹಂಗಾದ್ರೆ ಹೋಗಿ ಹುಡುಕ್ರೀ. ಇಪ್ಪತ್ನಾಲ್ಕು ವರ್ಷದಿಂದ ಮನೇಲೇ ಹುಡುಕ್ತಿದೀರಿ."

ಮಹಾಯಾನಗಳೆಲ್ಲ ಹೆಂಡತಿಯ ಇಂಥ ಒಂದು ಮಾತಿನಿಂದಲೇ ಶುರುವಾಗಿರಬೇಕು. ಭಾನುವಾರ ಬೆಳಿಗ್ಗೆ ಕಾಶಿನಾಥರು ಬಿಸ್ಕತ್ತಿನ ಡಬ್ಬಿಯನ್ನು ಬಟ್ಟೆಯ ಚೀಲಕ್ಕಿಟ್ಟು, ಆ ಚೀಲವನ್ನು ಬತ್ತಳಿಕೆಯಂತೆ ಹೆಗಲಿಗೇರಿಸಿ ಹೊರಟರು.

ಸಂಜಯನಗರದ ವಾಟರ್ ಟ್ಯಾಂಕಿನ ಹಿಂದೆ ಈಗ ನಾಲ್ಕಂತಸ್ತಿನ ಮನೆಗಳು. ಹಳೆಯದಾಗಿ ಉಳಿದದ್ದೆಂದರೆ ಟ್ಯಾಂಕು ಮತ್ತು ಅದರ ನೆರಳಿನಲ್ಲಿ ಸೊಪ್ಪು ಮಾರುವ ಮುನಿಕೆಂಪಮ್ಮ. ಕಾಶಿನಾಥರು ನದೀಮನ ಹೆಸರು ಹೇಳಿದರು.

"ಖುರ್ಷೀದ್ ಸಾಬ್ರ ಮಗ್ನಾ? ಗಾಡಿ ಸೀಟು ಒಲೀತಿದ್ರಲ್ಲ ಅವ್ರು? ಅವ್ರು ಮನೆ ಕಾಲಿ ಮಾಡ್ಕೊಂಡು ಓಗಿ ಎಷ್ಟ್ ಕಾಲಾತು ಸಾಮಿ. ಯಲಹಂಕದ ತಾವ ಪುಟ್ಟೇನಳ್ಳಿ ಕೆರೆ ಐತಲ್ಲ, ಅಲ್ಲೇ ಅಣ್ತಮ್ಮ ಇಬ್ರೂ ಸೋಪಾ ಅಂಗ್ಡಿ ಮಡಗವ್ರೆ. ಯಾಕ್ ಸಾಮಿ, ಪೊಲೀಸ್ ಕೇಸಾ?"

"ಅದಕ್ಕಿಂತ ದೊಡ್ಡದಮ್ಮ. ಪುಸ್ತಕ ವಾಪಸ್ ತಂದಿಲ್ಲ, ಇಪ್ಪತ್ನಾಲ್ಕು ವರ್ಷ ಆಯ್ತು."

ಮುನಿಕೆಂಪಮ್ಮ ದಂಟಿನ ಸೊಪ್ಪಿಗೆ ನೀರು ಚಿಮುಕಿಸಿ ನಕ್ಕಳು. "ನನ್ ಕೈಗ್ ಸಿಕ್ಕಿದ್ರೆ ಅಷ್ಟೊತ್ಗೆ ಅದ್ರಾಗೆ ಕೊತ್ತಂಬ್ರಿ ಕಟ್ಟಿ ಮುಗ್ಸಿರ್ತಿದ್ದೆ ಬುಡಿ."

ಈ ಮಾತು ಕಾಶಿನಾಥರ ಎದೆಗೆ ನಾಟಿತು. ಹೆಬ್ಬಾಳದಲ್ಲಿ ಯಲಹಂಕದ ಬಸ್ಸು ಹತ್ತಿದರು. ಕೊತ್ತಂಬರಿಯ ಕಟ್ಟುಗಳಲ್ಲಿ ಹಂಚಿಹೋದ ದೊರೆ ಕಣ್ಣ ಮುಂದೆ ಬರುತ್ತಿದ್ದ. ಬಸ್ಸಿನ ಅರ್ಧ ಖಾಲಿ.

"ಸೀಟ್ ಇದ್ಯಲ್ಲ ಸರ್, ಕೂತ್ಕೊಳಿ" ಎಂದ ಕಂಡಕ್ಟರು.

"ಬೇಡಪ್ಪ. ನಿಂತ್ಕೊಂಡ್ರೆ ಬೇಗ ಹೋಗುತ್ತೆ."

ಕಂಡಕ್ಟರು ಮೂರು ಸೀಟು ಹಿಂದೆ ಹೋಗಿ ಅಲ್ಲಿಂದ ಅವರನ್ನು ಗಮನಿಸತೊಡಗಿದ.

ಪುಟ್ಟೇನಹಳ್ಳಿಯ ಕೆರೆಯ ಬದಿಯ ರಸ್ತೆಯಲ್ಲಿ ಅಂಗಡಿ ಸಿಕ್ಕಿತು. ಹೊಟ್ಟೆ ಬಗೆದ ಸೋಫಾಗಳು ಫುಟ್‌ಪಾತಿನವರೆಗೆ ಬಿದ್ದಿದ್ದವು. ಸ್ಪ್ರಿಂಗು, ಸ್ಪಂಜು, ರೆಕ್ಸಿನ್ನಿನ ಸುರುಳಿಗಳು. ನಡುವೆ ನಿಂತು ಅಳತೆ ಟೇಪು ಕೊರಳಿಗೆ ಹಾಕಿಕೊಂಡಿದ್ದ ಮೂವತ್ತೈದು ದಾಟಿದ ದಪ್ಪ ಮನುಷ್ಯನೇ ನದೀಮ್. ಗಿರಾಕಿ ಎಂದು ತಿಳಿದು ಮುಂದೆ ಬಂದ.

"ಬನ್ನಿ ಸರ್, ತ್ರೀ ಸೀಟರಾ, ಕಾರ್ನರಾ?"

"ಒಂಬತ್ತನೇ ದೊರೆ" ಎಂದರು ಕಾಶಿನಾಥರು.

ನದೀಮನ ಕೈ ತಾನಾಗಿ ಅಳತೆ ಟೇಪನ್ನು ಕೊರಳಿನಿಂದ ತೆಗೆಯಿತು. ಇಪ್ಪತ್ತನಾಲ್ಕು ವರ್ಷದ ಮೈಮಾಂಸ ಇಳಿದುಹೋಗಿ ಆರನೇ ಕ್ಲಾಸಿನವನು ನಿಂತಿದ್ದ. ಅವನು ರಸ್ತೆಯ ಆಚೆ ಈಚೆ ನೋಡಿ ದನಿ ತಗ್ಗಿಸಿದ.

"ಲೈಬ್ರರಿ ಸರ್... ನೀವಾ? ಪುಸ್ತಕ ಭದ್ರವಾಗಿದೆ ಸರ್. ಆಣೆಗೂ."

ರೆಕ್ಸಿನ್ ಸುರುಳಿಗಳ ಹಿಂದಿನ ಗೂಡಿನಿಂದ ಅವನು ಅದನ್ನು ತೆಗೆದ. ಪ್ಲಾಸ್ಟಿಕ್ ಕವರಿನೊಳಗೆ ಕಂದು ಬೈಂಡು, ಮೇಲೆ ಕಾಶಿನಾಥರದೇ ಕೆಂಪು ಅಕ್ಷರದಲ್ಲಿ 'ದೊರೆ, 9'. ಕಾಶಿನಾಥರು ಕೈ ಚಾಚಿದರು. ನದೀಮ್ ಪುಸ್ತಕವನ್ನು ಎದೆಗೊತ್ತಿಕೊಂಡ.

"ಕೊಡ್ತೀನಿ ಸರ್. ಒಂದೇ ಕಂಡೀಷನ್. ಕೊನೇ ಹಾಳೆ ಇದ್ಯಲ್ಲ, ಅದನ್ನ ನನ್ ತಮ್ಮ ಜೀಷಾನ್‌ಗೆ ತೋರಿಸ್ಬಾರ್ದು. ಟೀ ತರೋಕೆ ಹೋಗಿದಾನೆ, ಅವ್ನು ಬರೋ ಅಷ್ಟ್ರಲ್ಲಿ ಹೊರಟ್ಬಿಡಿ."

"ಯಾಕೆ?"

ನದೀಮ್ ತನ್ನ ಅಪರಾಧವನ್ನು ಒಪ್ಪಿಕೊಂಡ. ಒಂಬತ್ತನೆಯ ಪುಸ್ತಕ ಹಲಸಿನ ಹಣ್ಣಿನ ಕತೆ. ಮನೆಗೆ ಒಂದು ಹಲಸು ಬಂದಿರುತ್ತದೆ. ಹೆಚ್ಚು ಹೊತ್ತು ಬಾಯಿ ಬಿಡದೆ ಕೂತವನಿಗೆ ಇಡೀ ಹಣ್ಣು ಎಂದು ದೊರೆ ಪಂದ್ಯ ಕಟ್ಟಿ, ತೀರ್ಪುಗಾರ ತಾನೇ ಆಗುತ್ತಾನೆ. ಅಣ್ಣ ಲಕ್ಕನೂ ತಮ್ಮ ಪುಟ್ಟುವೂ ತುಟಿ ಬಿಗಿದು ಕೂರುತ್ತಾರೆ. ದೊರೆ ಅವರೆದುರಿಗೇ ಅರ್ಧ ಹಣ್ಣು ತಿನ್ನುತ್ತಾನೆ; ಬೇಡ ಅಂದವನು ಪಂದ್ಯ ಸೋತ ಹಾಗೆ. ಉಳಿದರ್ಧವನ್ನು ಆಮೇಲೆ ತಿನ್ನಲೆಂದು ಬೆನ್ನ ಹಿಂದೆ ಬುಟ್ಟಿಯಡಿ ಮುಚ್ಚಿಡುತ್ತಾನೆ. ಅಷ್ಟರಲ್ಲಿ ಅವ್ವ ಬಂದು, ಹಣ್ಣೆಲ್ಲಿ ಎನ್ನುತ್ತಾಳೆ. ಪುಟ್ಟು ಬಾಯಿ ತೆರೆಯುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ, ಮುಂದಿನದು ಡಬ್ಬಿಯಲ್ಲಿ.

"ಆ ವಾರಾನೇ ಮನೆ ಚೇಂಜ್ ಮಾಡಿದ್ವಿ ಸರ್, ವಾಪಸ್ ಕೊಡೋಕಾಗ್ಲಿಲ್ಲ. ತಮ್ಮ ಪುಟ್ಟು ಏನ್ ಹೇಳ್ದ ಏನ್ ಹೇಳ್ದ ಅಂತ ಪ್ರಾಣ ತಿನ್ನೋನು. ನಾನು, ಕೊನೇ ಹಾಳೆ ನನಗ್ ಗೊತ್ತು, ಹೇಳ್ಬೇಕಂದ್ರೆ ಎರಡು ಕೊಡ ನೀರ್ ತಾ ಅಂದೆ. ತಂದ. ಒಂದು ಕೊನೆ ಕಟ್ಟಿ ಹೇಳ್ದೆ. ಮಾರನೇ ದಿನ, ನಿನ್ನೆ ಹೇಳಿದ್ದು ಸುಳ್ಳು, ನಿಜವಾದ್ದು ಬೇರೆ ಅಂದೆ. ಮತ್ತೆ ಎರಡು ಕೊಡ."

"ಎಷ್ಟು ಕೊನೆ ಹೇಳಿದೀಯ?"

"ನಲವತ್ತಕ್ಕೆ ಮೇಲಾಯ್ತು ಸರ್. ಒಂದ್ರಲ್ಲಿ ಕರಡಿ ಬರುತ್ತೆ. ಒಂದ್ರಲ್ಲಿ ದೊರೆ ತಹಸೀಲ್ದಾರ್ ಆಗ್ತಾನೆ. ಈಗ್ಲೂ ಹಬ್ಬಕ್ಕೆ ಎಲ್ಲ ಸೇರ್ದಾಗ ಅವ್ನೇ ಕೇಳ್ತಾನೆ, ಭಾಯ್ ಆ ಹಲಸಿನ ಹಣ್ಣಿಂದು ಹೇಳು ಅಂತ. ನಾನ್ ಹೇಳ್ತೀನಿ, ಹಳೇ ಸೋಫಾದ ಮೊಳೆ ಅವ್ನು ಕೀಳ್ತಾನೆ. ಈಗ ನಿಜವಾದ ಹಾಳೆ ನೋಡಿದ್ರೆ, ಇಷ್ಟು ವರ್ಷ ಅಣ್ಣ ಮೋಸ ಮಾಡ್ದ ಅಂತ ಗೊತ್ತಾಗುತ್ತೆ. ನನ್ ಮರ್ಯಾದೆ ಹೋಗುತ್ತೆ ಸರ್."

ಕಾಶಿನಾಥರು ಫುಟ್‌ಪಾತಿಗೆ ಹೋಗಿ, ಅಂಗಡಿಗೆ ಬಂದು, ಮತ್ತೆ ಫುಟ್‌ಪಾತಿಗೆ ಹೋದರು. ಪುಸ್ತಕ ಮೂರು ಮಾರು ದೂರದಲ್ಲಿತ್ತು. ಒಪ್ಪಿಕೊಂಡು ಹೊರಟರೆ ನಾಳೆಯ ಪ್ರೇಯರಿಗೆ ಹನ್ನೆರಡು ಸಿದ್ಧ. ಆದರೆ ಅವರ ಶಾಸನದಲ್ಲಿ ಹಾಳೆಯನ್ನು ಯಾರಿಂದಲೂ ಮುಚ್ಚಿಡುವ ಕಲಮು ಇರಲಿಲ್ಲ. ಪುಸ್ತಕ ವಾಪಸು ಬಂದ ಮನೆಯ ಮಕ್ಕಳೆಲ್ಲ ಅದನ್ನು ಓದಬಹುದಿತ್ತು. ಮೂವತ್ತೊಂದು ವರ್ಷ ಆಳಿದ ಕಾನೂನನ್ನು ರಾಜ್ಯದ ಕೊನೆಯ ದಿನ ಮುರಿಯುವುದೇ?

"ಅದಾಗಲ್ಲಪ್ಪ. ಪುಸ್ತಕ ಇಡು, ಹಾಳೆ ತಗೋ, ಓದು. ನಿನ್ ತಮ್ಮ ಕೇಳಿದ್ರೆ ಅವನಿಗೂ ಕೊಡ್ತೀನಿ."

"ಸರ್, ಸ್ವಲ್ಪ ಅಡ್ಜಸ್ಟ್ ಮಾಡಿ."

"ಅಡ್ಜಸ್ಟ್ ಮಾಡೋನಾಗಿದ್ರೆ ಒಂಬತ್ತು ಬಿಟ್ಟು ಹತ್ತಕ್ಕೆ ಹೋಗ್ತಿದ್ದೆ."

ನದೀಮ್ ಒಮ್ಮೆ ರಸ್ತೆಯ ಕಡೆ ನೋಡಿದ, ಒಮ್ಮೆ ಡಬ್ಬಿಯ ಕಡೆ. ನಿಜ ಹೇಳಬೇಕೆಂದರೆ ಆ ಹಾಳೆಯಲ್ಲಿ ಏನಿದೆ ಎಂಬುದು ಇಪ್ಪತ್ತನಾಲ್ಕು ವರ್ಷದಿಂದ ಅವನನ್ನೂ ಕೊರೆಯುತ್ತಿತ್ತು. ನಲವತ್ತು ಕೊನೆ ಕಟ್ಟಿದವನಿಗೆ ನಿಜವಾದ ಒಂದು ಕೊನೆ ಗೊತ್ತಿರಲಿಲ್ಲ. ಪುಸ್ತಕವನ್ನು ಸೋಫಾದ ಕೈಯ ಮೇಲಿಟ್ಟ. ಡಬ್ಬಿ ತೆರೆಯಿತು. ಕಾಶಿನಾಥರು ಹಾಳೆಗಳನ್ನು ಎಣಿಸಿ ಒಂಬತ್ತನೆಯದನ್ನು ಕೊಟ್ಟರು. ನದೀಮ್ ಅಲ್ಲೇ ನಿಂತು ಓದಿದ.

'ಪುಟ್ಟು ಬಾಯಿ ತೆರೆದ. ಒಳಗೆ ಎರಡು ಹಲಸಿನ ತೊಳೆಗಳಿದ್ದವು. ಅವನು ಇಷ್ಟು ಹೊತ್ತು ಮಾತಾಡದೆ ಇದ್ದದ್ದು ಪಂದ್ಯಕ್ಕಾಗಿ ಅಲ್ಲ. ದೊರೆ ತಿರುಗಿ ಬುಟ್ಟಿ ಎತ್ತಿ ನೋಡಿದ. ಅಡಿಯಲ್ಲಿ ಬರೀ ಬೀಜಗಳು, ಸಾಲಾಗಿ ಜೋಡಿಸಿದ್ದವು.'

ನದೀಮ್ ಎರಡನೆಯ ಸಲ ಓದಿದ. ಮುಖ ಸಪ್ಪಗಾಯಿತು. ಅಷ್ಟರಲ್ಲಿ ಸ್ಟೀಲಿನ ಫ್ಲಾಸ್ಕು ಹಿಡಿದು ಸಣಕಲು ಮೈಯ ಜೀಷಾನ್ ಒಳಗೆ ಬಂದ. ಅವನ ಕಣ್ಣು ಮೊದಲು ಡಬ್ಬಿಯ ಮೇಲೆ, ಆಮೇಲೆ ಕಾಶಿನಾಥರ ಮೇಲೆ, ಕೊನೆಗೆ ಅಣ್ಣನ ಕೈಯ ಹಾಳೆಯ ಮೇಲೆ ಹೋಯಿತು. ನದೀಮ್ ಅದನ್ನು ಬೆನ್ನ ಹಿಂದೆ ಅಡಗಿಸಲು ಹೊರಟು, ಅರ್ಧಕ್ಕೇ ಕೈಬಿಟ್ಟ.

"ತಗೋ. ಓದು" ಎಂದ. "ನಾನ್ ಹೇಳಿದ್ದೆಲ್ಲ ಸುಳ್ಳು ಕಣೋ. ನನಗೂ ಗೊತ್ತಿರ್ಲಿಲ್ಲ."

ಜೀಷಾನ್ ಫ್ಲಾಸ್ಕು ಕೆಳಗಿಟ್ಟು ಲೋಟಗಳಿಗೆ ಟೀ ಬಗ್ಗಿಸಿದ. "ನಾನ್ ಓದಿದೀನಿ ಭಾಯ್."

"ಯಾವಾಗ?"

"ಮೂರ್ನೇ ಕ್ಲಾಸಲ್ಲಿ. ಬಾಯಲ್ಲಿ ಎರಡು ತೊಳೆ, ಬುಟ್ಟಿ ಅಡಿ ಬೀಜ ಸಾಲಾಗಿ. ಅದೇ ತಾನೇ?"

ಆಗ ಕಾಶಿನಾಥರು ಡಬ್ಬಿಯ ತಳಕ್ಕೆ ಕೈ ಹಾಕಿ, ಹೆಂಡತಿಗೂ ತೋರಿಸದ ಆ ವಸ್ತುವನ್ನು ಹೊರತೆಗೆದರು. ಕಂದು ಬೈಂಡು, ಮೇಲೆ ಕೆಂಪು ಪೆನ್ನಿನಲ್ಲಿ 'ದೊರೆ, 9'. ಒಳಗೆ ತೆರೆದರೆ ಮಗ್ಗಿ ಪುಸ್ತಕ.

"ಇದು ಯಾರದ್ದಪ್ಪ?"

"ನಂದೇ ಸರ್" ಎಂದ ಜೀಷಾನ್. ಅವನಿಗೆ ನಾಚಿಕೆಯಾದಂತೆ ಕಾಣಲಿಲ್ಲ. "ಅಣ್ಣ ಕೊನೆ ಹೇಳೋಕೆ ನೀರ್ ತರ್ಸೋಕೆ ಶುರು ಮಾಡಿದ್ನಲ್ಲ, ಎರಡ್ನೇ ದಿನಾನೇ ಮಗ್ಗಿ ಪುಸ್ತಕಕ್ಕೆ ಬೈಂಡ್ ಹಾಕಿ, ಯಲಹಂಕದಿಂದ ಅಬ್ಬಾ ಜೊತೆ ಮತ್ತಿಕೆರೆಗೆ ಬಂದೆ. ಅಬ್ಬಾ ಸೀಟ್ ಕೊಟ್ ಬರೋ ಅಷ್ಟ್ರಲ್ಲಿ ನಿಮ್ ಮೇಜಿನ್ ಮೇಲಿಟ್ಟೆ. ನೀವು 'ಬಂತು' ಅಂತ ಬರೆದು ಹಾಳೆ ಕೊಟ್ರಿ. ಓದಿ ಓಡ್ಹೋದೆ."

ಹೀಗೆ, ಮತ್ತಿಕೆರೆಯ ಯಾವ ಚಾಲಾಕಿಗೂ ಬಗ್ಗದ ಕೋಟೆ ಒಬ್ಬ ಮೂರನೇ ಕ್ಲಾಸಿನವನ ಮಗ್ಗಿಗೆ ಬಿದ್ದಿತ್ತು. ಪುಸ್ತಕವನ್ನು ಕಪಾಟಿಗೆ ಸೇರಿಸಲು ಬೈಂಡು ತೆರೆದಾಗ ಒಳಗಿನಿಂದ ಎರಡೊಂದ್ಲ ಎರಡು ಹೊರಬಂದದ್ದನ್ನು ಕಾಶಿನಾಥರು ಯಾರಿಗೂ ಹೇಳಿರಲಿಲ್ಲ. ಇದೆಲ್ಲ ಚಿಕ್ಕವನನ್ನು ಕಳಿಸಿ ಆರನೇ ಕ್ಲಾಸಿನ ಅಣ್ಣ ಮಾಡಿಸಿದ ಕೆಲಸವೆಂದು ನಂಬಿ, ಇಪ್ಪತ್ತನಾಲ್ಕು ವರ್ಷ ತಪ್ಪು ಮನುಷ್ಯನ ಮೇಲೆ ಸಿಟ್ಟಾಗಿದ್ದರು.

ನದೀಮ್‌ಗೆ ಬೇರೆಯದೇ ಲೆಕ್ಕ ಹತ್ತಿತ್ತು. "ಓದಿದ್ಮೇಲೆ ನನ್ ಹತ್ರ ಯಾಕೋ ಕೇಳ್ತಿದ್ದೆ? ನೀರ್ ಯಾಕ್ ತರ್ತಿದ್ದೆ? ಈಗ್ಲೂ ಮೊಳೆ ಯಾಕ್ ಕೀಳ್ತೀಯ?"

ಜೀಷಾನ್ ಟೀ ಲೋಟವನ್ನು ಅಣ್ಣನ ಕೈಗಿಟ್ಟ. "ನಿನ್ ಕರಡಿದು ಚೆನ್ನಾಗಿತ್ತು ಭಾಯ್. ಆದ್ರೆ ನಲವತ್ತು ಕೊನೆ ಹೇಳ್ದೆ, ಒಂದ್ರಲ್ಲೂ ತಮ್ಮನ್ನ ಗೆಲ್ಲಿಸ್ಲಿಲ್ಲ. ಇವತ್ ಗೆಲ್ಲಿಸ್ತಾನೆ, ನಾಳೆ ಗೆಲ್ಲಿಸ್ತಾನೆ ಅಂತ ಕಾಯ್ತಿದ್ದೆ."

ನದೀಮ್ ಟೀ ಕುಡಿದ. ಬಿಸಿ ಎಂಬುದು ಗೊತ್ತಾಗಲಿಲ್ಲ. ಲೋಟ ಕೆಳಗಿಟ್ಟು ಹೇಳಿದ: "ಬಕ್ರೀದ್‌ಗೆ ಹೇಳ್ತೀನಿ ಬಿಡು. ಗೆಲ್ಲಿಸ್ತೀನಿ."

"ಮೊಳೆ ಯಾರ್ ಕೀಳ್ತಾರೆ?"

"ಕೀಳ್ತೀನಿ ಕಣೋ."

ಪುಸ್ತಕ ಕಾಶಿನಾಥರ ಕೈಗೆ ಬಂತು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಹಿಂದೆ ಏನಿದೆ ಎಂದು ನೋಡದೆ ಅವರು ಕೂತರು. ಹಿಂದೆ ಇದ್ದದ್ದು ಸ್ಪಂಜು ತೆಗೆದ ಸೋಫಾ. ಅವರು ಅದರೊಳಗೆ ಎದೆಯವರೆಗೆ ಇಳಿದುಹೋದರು. ಅಣ್ಣತಮ್ಮಂದಿರು ಎರಡು ಕೈ ಹಿಡಿದು ಎಳೆಯಲು ಬಂದರೆ, "ಇರ್ಲಿ ಬಿಡಿ, ಸ್ವಲ್ಪ ಹೊತ್ತು ಹಿಂಗೇ ಇರ್ತೀನಿ" ಎಂದು ಅಲ್ಲೇ ಉಳಿದರು. ಲೋಟವನ್ನು ಅವರ ಕೈಗೇ ಕೊಡಬೇಕಾಯಿತು.

ನಾಳೆ ಶಾಲೆಗೆ ಹೋಗುವ ಪುಸ್ತಕಕ್ಕೆ ಅದರ ಹಾಳೆ ಸೇರಬೇಕಲ್ಲ. ರೆಕ್ಸಿನ್ ಅಂಟಿಸುವ ಸೊಲ್ಯೂಷನ್ನಿನ ಡಬ್ಬ ತಂದು ನದೀಮ್ ಹಾಳೆಯ ಅಂಚಿಗೆ ಸವರಿದ. ಜೀಷಾನ್ ಒತ್ತಿ ಹಿಡಿದ. ಅದು ಮುಗಿದ ಮೇಲೆ, ಇಪ್ಪತ್ತನಾಲ್ಕು ವರ್ಷ ತಮ್ಮಿಬ್ಬರ ಬದುಕಿನಲ್ಲಿ ನೀರು ತರಿಸಿದ, ಮೊಳೆ ಕೀಳಿಸಿದ, ಕತೆ ಕಟ್ಟಿಸಿದ ಆ ಶಾಸನಕರ್ತನ ಮುಂದೆ ನದೀಮ್ ಸ್ಟೂಲು ಎಳೆದುಕೊಂಡು ಕೂತ.

"ಸರ್, ಒಂದ್ ಮಾತ್ ಕೇಳ್ಲಾ? ದೊರೆ ತಲೇಗೂ ಹೊಳೀದಿರೋ ಪ್ಲಾನ್ ಇದು. ಕೊನೇ ಹಾಳೆ ಕಿತ್ತಿಟ್ಕೊಂಡ್ರೆ ಮಕ್ಳು ಪುಸ್ತಕ ವಾಪಸ್ ತರ್ತಾರೆ ಅಂತ ನಿಮಗ್ ಹೆಂಗ್ ಹೊಳೀತು?"

ಸೋಫಾದ ಆಳದಿಂದ ಕಾಶಿನಾಥರು ಟೀ ಹೀರಿದರು.

"ನಾನೆಲ್ಲಿ ಕಿತ್ನಪ್ಪ. ಬೈಂಡಿಗ್ ಹಚ್ಚಿದ್ದು ಮೈದಾ ಗೋಂದು, ಜಿರಲೆ ತಿಂದ್ಬಿಟ್ವು, ಹನ್ನೆರಡ್ರದ್ದೂ ಕೊನೇ ಹಾಳೆ ಉದುರಿ ಬಿದ್ವು. ಕಳ್ದೋಗ್ದೆ ಇರ್ಲಿ ಅಂತ ಡಬ್ಬಿಗ್ ಹಾಕ್ದೆ. ಅಂಟಿಸ್ಬೇಕಿತ್ತು. ಟೈಮೇ ಸಿಗ್ಲಿಲ್ಲ."